ಹತ್ತು ಮೀಟರ್ ಆಳವೂ ಆಳವೇ: ನೇತ್ರಾಣಿಯ ಡೈವ್ ಮಾಸ್ಟರ್‌ಗಳಿಗೆ ಬಹಿರಂಗ ಪತ್ರ

ನೇತ್ರಾಣಿಯ ಡೈವ್ ಮಾಸ್ಟರ್‌ಗಳೇ, ಇನ್‌ಸ್ಟ್ರಕ್ಟರ್‌ಗಳೇ, ದೋಣಿಯಲ್ಲಿ ಟ್ಯಾಂಕ್ ಎತ್ತಿಕೊಡುತ್ತ ಈ ವಿದ್ಯೆ ಕಲಿಯುತ್ತಿರುವ ಹುಡುಗರೇ,

ಮಳೆ ಹಿಂದೆ ಸರಿಯುತ್ತಿದೆ. ದಸರಾ ರಜೆ ಬರುವಷ್ಟರಲ್ಲಿ ಕಡಲು ತಿಳಿಯಾಗಿ ಮುರುಡೇಶ್ವರದಿಂದ ನಿಮ್ಮ ದೋಣಿಗಳು ಮತ್ತೆ ಹೊರಡುತ್ತವೆ. ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪಕ್ಕೆ ಬೆಂಗಳೂರಿನವರು, ಹುಬ್ಬಳ್ಳಿಯವರು, ಮೈಸೂರಿನವರು ಬರುತ್ತಾರೆ. ಅವರಲ್ಲಿ ಅನೇಕರಿಗೆ ಈಜು ಬಾರದು. ಅಂಥವರನ್ನೂ ನೀವು ಹಿಂದಿನಿಂದ ಹಿಡಿದುಕೊಂಡು ನೀರಿನೊಳಗೆ ಕರೆದೊಯ್ದು, ಗಿಳಿಮೀನು ತೋರಿಸಿ, ವಿಡಿಯೊ ತೆಗೆಸಿ, ಸುರಕ್ಷಿತವಾಗಿ ಮೇಲೆ ತರುತ್ತೀರಿ. ಅವರು ಜೀವಮಾನದ ನೆನಪು ಹೊತ್ತು ಊರಿಗೆ ಹೋಗುತ್ತಾರೆ. ನೀವು ಮುಂದಿನ ಗೆಸ್ಟ್‌ನ ಬೆಲ್ಟ್ ಬಿಗಿಯುತ್ತೀರಿ. ಮೇ ತಿಂಗಳು ಮುಗಿಯುವ ತನಕ ಇದೇ ದಿನಚರಿ.

ನಾನು ಈ ಕರಾವಳಿಯ ಒಂದು ಸಣ್ಣ ಊರಿನಲ್ಲಿ ವೈದ್ಯೆ, ಡೈವಿಂಗ್ ಕಲಿತವಳು ಕೂಡ. ಸೀಸನ್ ಹೊತ್ತಿನಲ್ಲಿ ನಿಮ್ಮಲ್ಲಿ ಹಲವರು ಸಂಜೆ ನನ್ನ ಕ್ಲಿನಿಕ್‌ಗೆ ಬರುತ್ತೀರಿ. ಕಿವಿನೋವು, ತಲೆನೋವು, ಸೊಂಟ, ಭುಜ, ಎಷ್ಟು ಮಲಗಿದರೂ ಇಳಿಯದ ಸುಸ್ತು. ಬಂದವರೆಲ್ಲ ಕೇಳುವ ಪ್ರಶ್ನೆ ಮಾತ್ರ ಒಂದೇ: "ನಾಳೆ ನೀರಿಗೆ ಇಳಿಯಬಹುದಲ್ಲ, ಡಾಕ್ಟ್ರೇ?" ಐದು ನಿಮಿಷದಲ್ಲಿ ಔಷಧಿ ಚೀಟಿಯ ಮೇಲೆ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಅದಕ್ಕೇ ಸೀಸನ್ ಶುರುವಾಗುವ ಮೊದಲು ಈ ಪತ್ರ.

ನಾನು ಹೇಳಬೇಕಾದ್ದು ಇಷ್ಟೇ: ನೀವು ಗೆಸ್ಟ್‌ಗಳಿಗೆ ಓದಿ ಹೇಳುವ ನಿಯಮಗಳು ರಜೆಗೆ ಬಂದು ಎರಡು ಸಲ ಮುಳುಗಿ ಹೋಗುವವರ ಲೆಕ್ಕಕ್ಕೆ ಬರೆದವು. ದಿನವೂ, ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಇಳಿದು ಏಳುವ ದೇಹಕ್ಕೆ ಅವು ಸಾಲುವುದಿಲ್ಲ. ಗೆಸ್ಟ್ ಒಂದು ಆರೋಗ್ಯ ಪತ್ರ ತುಂಬಿ ಸಹಿ ಹಾಕಿಯೇ ದೋಣಿ ಹತ್ತುತ್ತಾನೆ. ಅಸ್ತಮಾ ಇದೆಯೇ, ಕಿವಿ ಆಪರೇಷನ್ ಆಗಿದೆಯೇ ಎಂದು ಅವನನ್ನು ಕೇಳುತ್ತೀರಿ. ನಿಮ್ಮನ್ನು ಕೇಳುವವರು ಯಾರು?

ಮೊದಲು ಕಿವಿಯ ಮಾತು, ಏಕೆಂದರೆ ನಿಮ್ಮ ಕೆಲಸದ ಭಾರ ಬೀಳುವುದು ಮೊದಲು ಅಲ್ಲಿಗೇ. ನೀರಿನ ಮೇಲ್ಮೈಯಲ್ಲಿ ಒಂದು ವಾತಾವರಣದ ಒತ್ತಡ. ಹತ್ತು ಮೀಟರ್ ಇಳಿದರೆ ಎರಡು, ಇಪ್ಪತ್ತಕ್ಕೆ ಮೂರು. ಮೊದಲ ಹತ್ತು ಮೀಟರ್‌ನಲ್ಲಿ ಒತ್ತಡ ಇಮ್ಮಡಿಯಾಗಿ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಅದರ ಕೆಳಗಿನ ಹತ್ತು ಮೀಟರ್‌ನಲ್ಲಿ ಅರ್ಧದಿಂದ ಮೂರನೇ ಒಂದಕ್ಕೆ ಇಳಿಯುತ್ತದೆ, ಅಷ್ಟೆ. ಹಾಗಾಗಿ ಕಿವಿಗೆ ಅತಿ ಹೆಚ್ಚು ಕೆಲಸ ಬೀಳುವುದು ನೀರಿನ ಮೇಲ್ಭಾಗದ ಆ ಹತ್ತು ಮೀಟರ್‌ನಲ್ಲಿ. ಮೊದಲ ಸಲ ಇಳಿಯುವವರನ್ನು ಕರೆದುಕೊಂಡು ನೀವು ದಿನವಿಡೀ ಮೇಲೆ ಕೆಳಗೆ ಓಡಾಡುವುದೂ ಅದೇ ಹತ್ತು ಹನ್ನೆರಡು ಮೀಟರ್‌ನಲ್ಲಿ.

ಇನ್ನು ನಿಮ್ಮ ಕೈಗಳು ಎಲ್ಲಿರುತ್ತವೆ ಎಂದು ನೋಡಿ. ಬಲಗೈ ಗೆಸ್ಟ್‌ನ ಟ್ಯಾಂಕ್ ವಾಲ್ವ್ ಮೇಲೆ. ಎಡಗೈ ಅವರ ತೇಲುವಿಕೆ ಹೊಂದಿಸುವ ಜಾಕೆಟ್ಟಿನ (ಬಿಸಿಡಿ) ಇನ್‌ಫ್ಲೇಟರ್ ಮೇಲೆ. ಗೆಸ್ಟ್ ಕಣ್ಣು ಅಗಲಿಸಿ ರೆಗ್ಯುಲೇಟರ್ ಕಚ್ಚಿಕೊಂಡಿರುತ್ತಾರೆ. ಮೂಗು ಹಿಡಿದು ಊದಲು ಮರೆತಿರುತ್ತಾರೆ. ನೀವು ಒಂದು ಕೈ ಬಿಡಿಸಿ ಅವರ ಮೂಗು ತೋರಿಸುತ್ತೀರಿ. ಅವರ ಕಿವಿ ತೆರೆಯಿತೆಂದು ಖಾತ್ರಿಯಾದ ಮೇಲೆ ಒಂದು ಮೀಟರ್ ಇಳಿಯುತ್ತೀರಿ. ಈ ನಡುವೆ ನಿಮ್ಮ ಮೂಗು ಹಿಡಿಯಲು ಮೂರನೇ ಕೈ ಇಲ್ಲ. ಅನುಭವಿಗಳು ಉಗುಳು ನುಂಗಿ, ದವಡೆ ಮುಂದೆ ಚಾಚಿ ಕೈಯಿಲ್ಲದೆಯೇ ಕಿವಿ ಬಿಡಿಸಿಕೊಳ್ಳುವುದನ್ನು ಕಲಿತಿರುತ್ತಾರೆ. ಹೊಸಬರು ತಡಮಾಡುತ್ತಾರೆ. ಸುಮಾರು ಒಂದೂಕಾಲು ಮೀಟರ್‌ನಷ್ಟು ಒತ್ತಡದ ವ್ಯತ್ಯಾಸ ಬೆಳೆಯಲು ಬಿಟ್ಟರೆ ಗಂಟಲನ್ನೂ ಕಿವಿಯನ್ನೂ ಜೋಡಿಸುವ ನಾಳ ಅಂಟಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಊದಿದರೂ ತೆರೆಯುವುದಿಲ್ಲ. ಆಗ ಮಾಡುವ ಕೆಲಸವೇ ಅಪಾಯದ್ದು: ಉಸಿರು ಬಿಗಿಹಿಡಿದು ಜೋರಾಗಿ ಊದುವುದು. ಕಿವಿಯ ತಮಟೆಗೆ ಗಾಯವಾದರೆ ಅದು ಸಾಮಾನ್ಯವಾಗಿ ಮಾಯುತ್ತದೆ. ಆದರೆ ಬಲವಂತವಾಗಿ ಊದಿ ಒಳಕಿವಿಯ ಪೊರೆ ಹರಿದರೆ ಕಿವಿಯಲ್ಲಿ ಮೊರೆತ, ತಲೆಸುತ್ತು, ಕೇಳಿಸದಿರುವುದು ಕಾಯಂ ಆಗಿ ಉಳಿಯಬಹುದು. ನಿಮ್ಮಲ್ಲಿ ಒಬ್ಬರಿಗೆ ಮೂವತ್ತರ ಒಳಗೇ ಒಂದು ಕಿವಿ ಮಂದವಾಗಿದೆ. ಫೋನನ್ನು ಈಗ ಇನ್ನೊಂದು ಕಿವಿಗೆ ಹಿಡಿಯುತ್ತಾರೆ, ಅಷ್ಟೇ ಎನ್ನುತ್ತಾರೆ. ಅದು ಅಷ್ಟೇ ಅಲ್ಲ.

ನೆಗಡಿಯಾದ ದಿನ ಮೂಗಿನ ಸ್ಪ್ರೇ ಹೊಡೆದುಕೊಂಡು ಇಳಿಯಬೇಡಿ. ಅದರ ಪರಿಣಾಮ ನೀರಿನೊಳಗೇ ಇಳಿದುಹೋದರೆ ಮೇಲೆ ಬರುವಾಗ ಕಿವಿಯ ಗಾಳಿ ಹೊರಹೋಗಲು ದಾರಿಯಿರುವುದಿಲ್ಲ. ಇಳಿಯುವಾಗ ನೋವಾದರೆ ವಾಪಸ್ ಮೇಲೆ ಬರಬಹುದು. ಏರುವಾಗ ನೋವಾದರೆ ಹೋಗುವುದೆಲ್ಲಿಗೆ?

ಈಗ, ನಿಮ್ಮಲ್ಲಿ ಎಲ್ಲರೂ ನನಗೆ ಹೇಳುವ ಮಾತಿಗೆ ಬರುತ್ತೇನೆ. "ನಾವು ಹೋಗುವುದೇ ಹತ್ತು ಮೀಟರ್, ಮೇಡಂ. ಅಷ್ಟಕ್ಕೆಲ್ಲ ಬೆಂಡ್ಸ್ ಬರುವುದಿಲ್ಲ." ಒತ್ತಡದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ಮೇಲೆ ಬರುವಾಗ ಗುಳ್ಳೆಗಳಾಗಿ ಕೊಡುವ ಬಾಧೆಯೇ ಬೆಂಡ್ಸ್. ಈ ನಂಬಿಕೆಗೆ ಬೇರು ಇದೆ. ಬ್ರಿಟಿಷ್ ನೌಕಾಪಡೆಗಾಗಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದ ವರದಿಯೇ ಇಂದಿನ ಡೈವ್ ಕೋಷ್ಟಕಗಳ ತಾಯಿ. ಸುಮಾರು ಹನ್ನೆರಡು ಹದಿಮೂರು ಮೀಟರ್ ಆಳದಿಂದ ನೇರ ಮೇಲೆ ಬಂದವರಿಗೆ ಬಾಧೆಯಾಗುವುದಿಲ್ಲ ಎಂಬುದು ಹಾಲ್ಡೇನ್ ಗಮನಿಸಿದ ಸಂಗತಿ. ಅದು ಬಾಧೆಯ ಮಾತು, ಗುಳ್ಳೆಗಳ ಮಾತಲ್ಲ. ರಕ್ತದಲ್ಲಿ ಹರಿಯುವ ಗುಳ್ಳೆಗಳ ಸದ್ದನ್ನು ಡಾಪ್ಲರ್ ಯಂತ್ರದಲ್ಲಿ ಕೇಳಲು ಸಾಧ್ಯವಾದದ್ದು ಅದಾಗಿ ಅರವತ್ತು ವರ್ಷಗಳ ಮೇಲೆ. ನಾಲ್ಕರಿಂದ ಆರು ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ ಎರಡು ದಿನ ಇದ್ದು ಹೊರಬಂದವರ ರಕ್ತನಾಳಗಳಲ್ಲೂ ಗುಳ್ಳೆಗಳು ಕಂಡಿವೆ. ಅವರಿಗೆ ಯಾವ ನೋವೂ ಇರಲಿಲ್ಲ. ನೋವಿಲ್ಲ ಎಂದರೆ ಗುಳ್ಳೆಯಿಲ್ಲ ಎಂದಲ್ಲ.

ನೀವು ಅಷ್ಟು ಹೊತ್ತು ಕೆಳಗಿರುವುದಿಲ್ಲ, ನಿಜ. ಕೇವಲ ಹತ್ತು ಮೀಟರ್‌ಗೆ ಒಮ್ಮೆ ಹೋಗಿ ಬಂದವರಿಗೆ ಬೆಂಡ್ಸ್ ಬರುವುದು ಬಹಳ ಅಪರೂಪ, ಅದೂ ನಿಜ. ನಾನು ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ವಿಷಯದಲ್ಲಿ ನನಗೆ ಚಿಂತೆಯಿರುವುದು ಆಳದ್ದಲ್ಲ, ಏರಿಳಿತದ್ದು. ಜನ ಹೆಚ್ಚಿದ ದಿನ ಒಬ್ಬೊಬ್ಬರೂ ನಾಲ್ಕು, ಐದು, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಇಳಿದು ಏಳುತ್ತೀರಿ. ಪ್ರತಿ ಏರಿನಲ್ಲೂ ಗುಳ್ಳೆ ಹುಟ್ಟುವ ಅವಕಾಶವಿದೆ. ಹುಟ್ಟಿದ ಗುಳ್ಳೆಗಳನ್ನು ಸಾಮಾನ್ಯವಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಸೋಸಿ ಹಿಡಿಯುತ್ತವೆ. ಅಷ್ಟರಲ್ಲಿ ನೀವು ಮುಂದಿನ ಗೆಸ್ಟ್ ಜೊತೆ ಮತ್ತೆ ಇಳಿದರೆ ಒತ್ತಡಕ್ಕೆ ಆ ಗುಳ್ಳೆಗಳು ಕುಗ್ಗಿ, ಸೋಸುವ ಜಾಲರಿಯಿಂದ ನುಸುಳಿ, ಮಿದುಳಿಗೂ ಬೆನ್ನುಹುರಿಗೂ ಹೋಗುವ ರಕ್ತಕ್ಕೆ ಸೇರಬಹುದು. ಏರಿಳಿತದ ಡೈವಿಂಗ್ ಏಕೆ ಕೆಟ್ಟದ್ದು ಎಂಬುದಕ್ಕೆ ತಜ್ಞರು ಕೊಡುವ ವಿವರಣೆ ಇದು. ಇದರ ಮೇಲೆ, ನಾಲ್ವರಲ್ಲಿ ಸುಮಾರು ಒಬ್ಬರ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಉಳಿದ ಸಣ್ಣ ಕಿಂಡಿಯಿರುತ್ತದೆ. ಅಂಥವರಲ್ಲಿ ಗುಳ್ಳೆಗೆ ಶ್ವಾಸಕೋಶದ ದಾರಿಯೇ ಬೇಕಾಗಿಲ್ಲ. ಯಾರಿಗೆ ಆ ಕಿಂಡಿಯಿದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು.

ದಿನದ ಲೆಕ್ಕ ದಿನಕ್ಕೆ ಮುಗಿಯುವುದೂ ಇಲ್ಲ. ನಿಮ್ಮ ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಸ್ವಿಟ್ಜರ್ಲೆಂಡಿನ ವೈದ್ಯ ಆಲ್ಬರ್ಟ್ ಬುಲ್ಮನ್ ಕೊಟ್ಟ ಸೂತ್ರದ ಯಾವುದೋ ಒಂದು ರೂಪವನ್ನು ಬಳಸುತ್ತವೆ. ಅದು ದೇಹವನ್ನು 16 ಬಗೆಯ ಅಂಗಾಂಶಗಳೆಂದು ಎಣಿಸುತ್ತದೆ. ಅತಿ ವೇಗದ್ದು ಕೆಲವೇ ನಿಮಿಷಗಳಲ್ಲಿ ತನ್ನ ಹೆಚ್ಚುವರಿ ನೈಟ್ರೋಜನ್‌ನ ಅರ್ಧವನ್ನು ಬಿಟ್ಟುಕೊಡುತ್ತದೆ; ಅತಿ ನಿಧಾನದ್ದಕ್ಕೆ 635 ನಿಮಿಷ ಬೇಕು. ಸಂಜೆ 4ಕ್ಕೆ ನೀರಿನಿಂದ ಎದ್ದವರಲ್ಲಿ, ಆ ನಿಧಾನದ ಅಂಗಾಂಶದ ಪಾಲಿಗೆ, ಮರುದಿನ ಬೆಳಿಗ್ಗೆ 8ಕ್ಕೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಉಳಿದೇ ಇರುತ್ತದೆ. ಅದರ ಮೇಲೆ ಹೊಸ ದಿನದ ನೈಟ್ರೋಜನ್ ಸೇರುತ್ತದೆ. ಈ ಲೆಕ್ಕ ಹಿಡಿಯುವುದು ಕಂಪ್ಯೂಟರ್ ನಿಮ್ಮ ಕೈಯಲ್ಲೇ ಇದ್ದರೆ ಮಾತ್ರ. ಬೆಳಿಗ್ಗೆ ಒಬ್ಬರ ಕೈಯಲ್ಲಿ, ಮಧ್ಯಾಹ್ನ ಇನ್ನೊಬ್ಬರ ಕೈಯಲ್ಲಿ ಇರುವ ಕಂಪ್ಯೂಟರ್ ಇಬ್ಬರಿಗೂ ಸುಳ್ಳು ಹೇಳುತ್ತದೆ.

ಒಂದು ಭುಜದ ಕಥೆ ಹೇಳಬೇಕು. ಕಳೆದ ಸೀಸನ್‌ನಲ್ಲಿ ಒಬ್ಬ ಹುಡುಗ ರಾತ್ರಿ ಎಂಟರ ಹೊತ್ತಿಗೆ ಬಂದ. ಎಡ ಭುಜ ನೋವು. "ಟ್ಯಾಂಕ್ ಎತ್ತಿದ್ದಕ್ಕೆ ಹಿಡ್ಕೊಂಡಿದೆ, ಒಂದು ಇಂಜೆಕ್ಷನ್ ಕೊಡಿ" ಎಂದ. ತುಂಬಿದ ಅಲ್ಯೂಮಿನಿಯಂ ಟ್ಯಾಂಕ್ ಹದಿನಾರು ಹದಿನೇಳು ಕಿಲೋ ತೂಗುತ್ತದೆ, ನಂಬುವಂಥ ಕಾರಣವೇ. ಆದರೆ ಭುಜ ಒತ್ತಿದರೆ ನೋವು ಹೆಚ್ಚಲಿಲ್ಲ. ಕೈ ಎತ್ತಿದರೂ, ತಿರುಗಿಸಿದರೂ ಹೆಚ್ಚಲಿಲ್ಲ. ಒಳಗೆ, ಮೂಳೆಯ ಹತ್ತಿರ, ಒಂದೇ ಸಮ ಕೊರೆಯುತ್ತಿದೆ ಎಂದ. ಬಿಪಿ ನೋಡುವ ಪಟ್ಟಿಯನ್ನು ಸಾಧ್ಯವಾದಷ್ಟು ಮೇಲೆ ಕಟ್ಟಿ ಗಾಳಿ ತುಂಬಿದೆ. "ಈಗ ಕಡಿಮೆ" ಎಂದ. ಗಾಳಿ ಬಿಟ್ಟೆ. ಮುಖ ಕಿವಿಚಿದ. ಈ ಪರೀಕ್ಷೆ ಯಾವಾಗಲೂ ನಂಬಲರ್ಹವಲ್ಲ, ಆದರೆ ಅಂದು ಅಷ್ಟು ಸಾಕಾಯಿತು. ಆಕ್ಸಿಜನ್ ಮಾಸ್ಕ್ ಹಾಕಿ ದಿನದ ಕತೆ ಕೇಳಿದೆ. ಬೆಳಿಗ್ಗೆಯಿಂದ ಗೆಸ್ಟ್‌ಗಳೊಂದಿಗೆ ಏರಿಳಿತ. ಆಮೇಲೆ ಕೋರ್ಸ್ ಮುಗಿಸಿದವರ ತಂಡದೊಂದಿಗೆ ಆಳದ ಕಡೆ ಒಂದು ಡೈವ್. ಕೊನೆಗೆ ದೋಣಿ ಹೊರಡುವಾಗ ಲಂಗರು ಬಂಡೆಯಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಟ್ಯಾಂಕ್ ಇಲ್ಲದೆ ಉಸಿರು ಹಿಡಿದು ಮುಳುಗಿದ, ಮೂರು ಸಲ. ಮೇಲೆ ಬಂದು ಹಗ್ಗ ಎಳೆದ. ದಂಡೆಗೆ ಬಂದ ಮೇಲೆ ಖಾಲಿ ಟ್ಯಾಂಕ್‌ಗಳನ್ನೆಲ್ಲ ಹೊತ್ತು ಇಳಿಸಿದ.

ಮಾಡಬಾರದ್ದೆಲ್ಲ ಆ ಒಂದೇ ದಿನದಲ್ಲಿತ್ತು. ಕಡಿಮೆ ಆಳದ ಡೈವ್‌ಗಳ ಕೊನೆಗೆ ಅತಿ ಆಳದ್ದು. ಸ್ಕೂಬಾ ಮುಗಿದ ಮೇಲೆ ಉಸಿರು ಹಿಡಿದು ಮುಳುಗಿ ಸರ್ರನೆ ಏಳುವುದು. ಗುಳ್ಳೆಗಳು ಅತಿ ಹೆಚ್ಚು ಓಡಾಡುವ ಹೊತ್ತಿನಲ್ಲೇ ದಮ್ಮು ಕಟ್ಟಿ ಭಾರ ಎಳೆಯುವುದು. ಹೃದಯದಲ್ಲಿ ಆ ಕಿಂಡಿ ಇದ್ದವರಲ್ಲಿ ದಮ್ಮು ಕಟ್ಟಿ ಬಿಟ್ಟಾಗ ಅದು ತೆರೆದುಕೊಳ್ಳಬಹುದು. ಇದ್ಯಾವುದೂ ಹುಡುಗನ ತಪ್ಪಲ್ಲ. ಲಂಗರು ಬಿಡಿಸುವುದು ಅವನಿಗೆ ವಹಿಸಿದ ಕೆಲಸ. ಅವನನ್ನು ಒತ್ತಡ ಚೇಂಬರ್ ಇರುವ ಕಡೆ ಕಳಿಸಿಕೊಟ್ಟೆವು. ಅಲ್ಲಿ ಕೊಡುವ ಚಿಕಿತ್ಸೆಯ ರೂಢಿಯ ಸುತ್ತು, 18 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ ಶುದ್ಧ ಆಕ್ಸಿಜನ್‌ನಿಂದ ಶುರುವಾಗಿ, 4 ಗಂಟೆ 45 ನಿಮಿಷದ್ದು. ಭುಜ ಸರಿಹೋಯಿತು. ಮರುದಿನ ಅವನು ಕೆಲಸ ಮಾಡುವ ಕಡೆಯಿಂದ ನನಗೆ ಫೋನ್ ಬಂತು. ಹೇಗಿದ್ದಾನೆ ಎಂದು ಕೇಳಲಿಲ್ಲ. ಶನಿವಾರಕ್ಕೆ ಬರುತ್ತಾನೋ ಎಂದು ಕೇಳಿದರು.

ಆ ಭುಜವನ್ನು ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ; ನೋವು ತಾನೇ ಇಳಿಯುತ್ತಿತ್ತು. ಅಲ್ಲೇ ಮೋಸವಿರುವುದು. ವರ್ಷಗಟ್ಟಲೆ ಒತ್ತಡದಲ್ಲಿ ದುಡಿಯುವವರಲ್ಲಿ ಕೆಲವರಿಗೆ ಭುಜದ ಮತ್ತು ತೊಡೆಯ ಮೂಳೆಗಳ ತಲೆಯೇ ರಕ್ತವಿಲ್ಲದೆ ಸಾಯುತ್ತ ಬರುತ್ತದೆ. ಮೊದಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಆಳದ ಮತ್ತು ದೀರ್ಘ ಹೊತ್ತಿನ ವೃತ್ತಿಪರ ಡೈವರ್‌ಗಳಲ್ಲೇ ಇದು ಹೆಚ್ಚು, ನಿಮ್ಮಂಥ ಕೆಲಸದವರಲ್ಲಿ ಕಡಿಮೆ. ಆದರೂ ಹಿಂದೆ ಬೆಂಡ್ಸ್ ಆಗಿ ಚಿಕಿತ್ಸೆ ಪಡೆಯದೆ ಉಳಿದವರಿಗೆ ಅಪಾಯ ಇತರರಿಗಿಂತ ಜಾಸ್ತಿ. ನಲವತ್ತರ ಪ್ರಾಯದಲ್ಲಿ ಮೆಟ್ಟಿಲು ಹತ್ತಲು ಆಗದ ಸೊಂಟಕ್ಕೆ ಯಾವ ಸೀಸನ್ನೂ ಪರಿಹಾರ ಕೊಡುವುದಿಲ್ಲ.

ಡೈವಿಂಗ್ ನಂತರದ ನೋವಿಗೆ ಬೇರೆ ಕಾರಣ ಹುಡುಕುವ ಮೊದಲು ಬೆಂಡ್ಸ್ ಎಂದೇ ನಂಬಿ. ಅತಿಯಾದ ಸುಸ್ತು, ಚರ್ಮದ ತುರಿಕೆ, ಅಮೃತಶಿಲೆಯಂಥ ಕಲೆ, ಜೋಮು, ಮೂತ್ರ ಕಟ್ಟುವುದು, ನಡಿಗೆ ತಪ್ಪುವುದು, ಇವೆಲ್ಲ ಅದೇ ಸಾಲಿನವು. ಶುದ್ಧ ಆಕ್ಸಿಜನ್ ಕೊಟ್ಟು, ಮಲಗಿಸಿ, ಆಸ್ಪತ್ರೆಗೆ ಕರೆತನ್ನಿ. ಹಳಬರು ಹೇಳುವಂತೆ "ಮತ್ತೆ ಒಂದು ಸಲ ಕೆಳಗೆ ಹೋಗಿ ಬಂದರೆ ಹೋಗುತ್ತದೆ" ಎಂದು ನೀರಿಗೆ ಇಳಿಸಬೇಡಿ. ಒತ್ತಡಕ್ಕೆ ನೋವು ಅಡಗುತ್ತದೆ, ಅವರು ಹೇಳುವುದು ಸುಳ್ಳಲ್ಲ. ಆದರೆ ಗಾಳಿಯ ಟ್ಯಾಂಕ್‌ನಿಂದ ಇನ್ನಷ್ಟು ನೈಟ್ರೋಜನ್ ತುಂಬಿಕೊಂಡು ಮೇಲೆ ಬಂದಾಗ ಮೊದಲಿಗಿಂತ ಕೆಟ್ಟದಾಗಿ ಮರಳುತ್ತದೆ. ನೀರಿನೊಳಗೇ ಕೈಕಾಲು ಸೋತರೆ ಮೇಲೆ ತರುವುದೇ ಕಷ್ಟ.

ನೀರು ಕುಡಿಯುವ ವಿಷಯ ಸಣ್ಣದೆಂದು ಕಾಣಬಹುದು. ಕೊರಳ ತನಕ ಮುಳುಗಿದ ತಕ್ಷಣ ಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ತಿಳಿದ ದೇಹ ಮೂತ್ರ ಮಾಡಿ ಹೊರಹಾಕುತ್ತದೆ. ಟ್ಯಾಂಕ್‌ನ ಗಾಳಿಯಲ್ಲಿ ತೇವವೇ ಇರುವುದಿಲ್ಲ, ಪ್ರತಿ ಉಸಿರಿಗೂ ಮೈಯ ನೀರು ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ವೆಟ್‌ಸೂಟ್ ಹಾಕಿಕೊಂಡು ಕುಳಿತರೆ ಬೆವರು ಬೇರೆ. ಹೀಗಿರುವಾಗ ನಿಮ್ಮಲ್ಲಿ ಹಲವರು ದೋಣಿ ಹತ್ತಿದ ಮೇಲೆ ನೀರು ಮುಟ್ಟುವುದಿಲ್ಲ, ಏಕೆಂದರೆ ದೋಣಿಯಲ್ಲಿ ಶೌಚಾಲಯವಿಲ್ಲ. ಇನ್‌ಸ್ಟ್ರಕ್ಟರ್ ಹೆಣ್ಣುಮಕ್ಕಳಂತೂ ಬೆಳಿಗ್ಗೆ ಅರ್ಧ ಲೋಟ ಚಹಾ ಕುಡಿದು ಮಧ್ಯಾಹ್ನದ ತನಕ ಹಾಗೇ ಇರುತ್ತಾರೆ. ನೀರಿಳಿದ ರಕ್ತ ದಪ್ಪವಾಗಿ ನೈಟ್ರೋಜನ್ ಹೊರಹಾಕುವುದು ನಿಧಾನವಾಗುತ್ತದೆ. ದೋಣಿಯಲ್ಲೊಂದು ಪರದೆಯ ಮರೆ ಕಟ್ಟುವುದು ಮಾಲೀಕರಿಗೆ ಎಷ್ಟು ಖರ್ಚಿನ ಕೆಲಸ? ಉಪ್ಪು ಹಾಕಿದ ಗಂಜಿನೀರಿಗೆ, ಎಳನೀರಿಗೆ ನಮ್ಮ ಊರಲ್ಲಿ ಬರವಿಲ್ಲ.

ಚಳಿಯ ವಿಷಯಕ್ಕೂ ಎರಡು ಮಾತು. 28 ಡಿಗ್ರಿ ನೀರು ಬೆಚ್ಚಗೇ ಇರುತ್ತದೆ, ಮೊದಲ ಅರ್ಧ ಗಂಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸೆಳೆದೊಯ್ಯುತ್ತದೆ. ದಿನವಿಡೀ ಇರುವವರಿಗೆ ತೆಳು ಟೀಶರ್ಟ್ ಸಾಲದು.

ಘಟ್ಟದ ಮೇಲಿನವರು ನಿಮ್ಮಲ್ಲಿ ಬಹಳಷ್ಟು ಜನ ಇದ್ದೀರಿ. ಭಾನುವಾರ ಸಂಜೆ ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಹೊರಡುತ್ತೀರಿ. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡಬೇಕೆಂದು ಗೆಸ್ಟ್‌ಗಳಿಗೆ ನೀವೇ ಹೇಳುತ್ತೀರಿ. ಘಟ್ಟವೂ ಎತ್ತರವೇ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1900 ಮೀಟರ್‌ಗೂ ಮೇಲೆ. ಅಮೆರಿಕದ ನೌಕಾಪಡೆಯ ಕೋಷ್ಟಕ 1000 ಅಡಿ ಎತ್ತರದಿಂದಲೇ ಲೆಕ್ಕ ಶುರುಮಾಡುತ್ತದೆ. ಒಂದು ರಾತ್ರಿ ಮಲಗಿ ಬೆಳಿಗ್ಗೆ ಹೊರಡಿ.

ಈ ತಿಂಗಳಲ್ಲೇ ಬರೆಯಲು ಇನ್ನೊಂದು ಕಾರಣವಿದೆ. ಒತ್ತಡದ ಗಾಳಿಯಲ್ಲಿ ಸುರಂಗ, ಸೇತುವೆ ಕಟ್ಟುತ್ತಿದ್ದ ಕಾರ್ಮಿಕರಲ್ಲಿ ಬೆಂಡ್ಸ್ ಹೆಚ್ಚಾಗಿ ಕಾಣುತ್ತಿದ್ದದ್ದು ಕೆಲಸಕ್ಕೆ ಹೊಸದಾಗಿ ಸೇರಿದವರಲ್ಲಿ ಮತ್ತು ದೀರ್ಘ ರಜೆ ಮುಗಿಸಿ ಮರಳಿದವರಲ್ಲಿ. ದಿನವೂ ಒತ್ತಡಕ್ಕೆ ಹೋಗುವ ದೇಹ ತುಸು ಒಗ್ಗಿಕೊಳ್ಳುತ್ತದೆ. ಬಿಟ್ಟರೆ ಆ ಒಗ್ಗುವಿಕೆ ಕೆಲವೇ ದಿನಗಳಲ್ಲಿ ಕಳೆದುಹೋಗುತ್ತದೆ. ನಿಮಗೆ ನಾಲ್ಕು ತಿಂಗಳ ಮಳೆಗಾಲದ ಬಿಡುವು ಆಗಿದೆ. ಆ ಬಿಡುವು ಮುಗಿದ ಮೊದಲ ವಾರವೇ ದಸರಾ ರಜೆಯ ನೂಕುನುಗ್ಗಲು. ವರ್ಷದಲ್ಲಿ ಅತಿ ನಿಧಾನವಾಗಿ ಶುರುಮಾಡಬೇಕಾದ ಹೊತ್ತಿನಲ್ಲೇ ನಿಮ್ಮಿಂದ ಅತಿ ಹೆಚ್ಚು ಕೆಲಸ ಕೇಳಲಾಗುತ್ತದೆ. ಒಗ್ಗಿದ ದೇಹವೂ ಅಭೇದ್ಯವಲ್ಲ ಎನ್ನುವುದಕ್ಕೆ ಆ ಕಾರ್ಮಿಕರ ಮೂಳೆಗಳೇ ಸಾಕ್ಷಿ.

ಇನ್ನು ಕೂಲಿಯ ಲೆಕ್ಕದ ಮಾತು. ಹೊಂಡುರಾಸ್ ದೇಶದ ಕರಾವಳಿಯಲ್ಲಿ ಮಿಸ್ಕಿಟೊ ಎಂಬ ಮೂಲನಿವಾಸಿಗಳಿದ್ದಾರೆ. ಟ್ಯಾಂಕ್ ಕಟ್ಟಿಕೊಂಡು ಮುಳುಗಿ ಲಾಬ್ಸ್ಟರ್ ಹಿಡಿಯುವುದು ಅವರ ಕೂಲಿ. ಹಿಡಿದ ತೂಕಕ್ಕೆ ತಕ್ಕಂತೆ ಸಂಬಳ. ಹಾಗಾಗಿ ಟ್ಯಾಂಕ್ ಮೇಲೆ ಟ್ಯಾಂಕ್. ನೂರಾರು ಮಂದಿ ಯುವಕರು ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಉಳಿದಿದ್ದಾರೆ. 2021ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪ್ರಕರಣದಲ್ಲಿ ಆ ಸರ್ಕಾರವನ್ನೇ ಹೊಣೆ ಮಾಡಿತು. ಅವರ ಆಳ, ಅವರ ಬಡತನ ನಿಮ್ಮದಕ್ಕೆ ಹೋಲಿಸುವಂಥದ್ದಲ್ಲ. ಆದರೆ ಮುಳುಗಿದ ಲೆಕ್ಕಕ್ಕೆ ಹಣ ಕೊಡುವ ಪದ್ಧತಿ ಯಾವ ಕಡೆಗೆ ಎಳೆಯುತ್ತದೆ ಎಂಬುದಕ್ಕೆ ಅಲ್ಲಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮಲ್ಲೂ ಕೆಲವರಿಗೆ ಇಳಿದ ಗೆಸ್ಟ್‌ಗಳ ಲೆಕ್ಕಕ್ಕೇ ಹಣ. ಕಿವಿ ನೋಯುತ್ತಿದೆ ಎಂದರೆ ಆ ದಿನದ ಸಂಪಾದನೆ ಹೋಯಿತು. ಹೀಗಿರುವಾಗ "ನೋವಿದ್ದರೆ ಇಳಿಯಬೇಡ" ಎಂದು ನಾನೊಬ್ಬಳು ಹೇಳಿ ಏನು ಪ್ರಯೋಜನ?

ಅದಕ್ಕೇ ಈ ಪತ್ರ ನಿಮ್ಮೆಲ್ಲರಿಗೂ ಒಟ್ಟಿಗೆ. ಒಬ್ಬರೇ ಕೇಳಿದರೆ ಸೋಮಾರಿ ಎನ್ನುತ್ತಾರೆ. ಎಲ್ಲರೂ ಕೇಳಿದರೆ ಅದೇ ನಿಯಮವಾಗುತ್ತದೆ. ಬ್ರಿಟನ್ನಿನಲ್ಲಿ ಕೂಲಿಗೆ ಡೈವ್ ಮಾಡುವ ಇನ್‌ಸ್ಟ್ರಕ್ಟರ್ ಕೂಡ ವರ್ಷಕ್ಕೊಮ್ಮೆ ವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕೆಂದು 1997ರ ಕಾನೂನು ಹೇಳುತ್ತದೆ. ನೀವೂ ಸೀಸನ್‌ಗೆ ಮೊದಲು ಕಿವಿ, ಎದೆ, ಬಿಪಿ ತೋರಿಸಿ ಬನ್ನಿ. ನನ್ನ ಕ್ಲಿನಿಕ್‌ನಲ್ಲಿ ಅದಕ್ಕೆ ಫೀಸಿಲ್ಲ.

ಉಳಿದದ್ದನ್ನು ನೀವೆಲ್ಲ ಸೇರಿ ಮಾಲೀಕರ ಮುಂದೆ ಇಡಬೇಕು. ಒಬ್ಬರಿಗೆ ದಿನಕ್ಕೆ ಎಷ್ಟು ಸಲ ಇಳಿದು ಏಳುವುದು ಎಂಬುದಕ್ಕೆ ಒಂದು ಮಿತಿ ನಿಮ್ಮಲ್ಲೇ ಮಾತಾಡಿ ಗೊತ್ತುಮಾಡಿ. ಗೆಸ್ಟ್‌ಗಳ ನಡುವೆ ದೋಣಿಯಲ್ಲಿ ಕುಳಿತು ನೀರು ಕುಡಿಯುವಷ್ಟು ಬಿಡುವು ಬೇಕು. ಆಳದ ಡೈವ್ ಇದ್ದರೆ ಅದು ಬೆಳಿಗ್ಗೆ ಮೊದಲು. ಲಂಗರು ಬಿಡಿಸಲು, ಟ್ಯಾಂಕ್ ಇಳಿಸಲು ಅಂದು ನೀರಿಗೆ ಇಳಿಯದ ಒಬ್ಬರು ಬೇಕು. ಎಲ್ಲರ ಕೈಗೂ ಅವರದೇ ಕಂಪ್ಯೂಟರ್, ಪ್ರತಿ ದೋಣಿಯಲ್ಲೂ ತುಂಬಿದ ಆಕ್ಸಿಜನ್ ಸಿಲಿಂಡರ್, ಹತ್ತಿರದ ಚೇಂಬರ್‌ನ ಫೋನ್ ನಂಬರ್ ಗೋಡೆಯ ಮೇಲೆ. ವಾರಕ್ಕೊಂದು ಪೂರ್ತಿ ಒಣ ದಿನ, ಆ ದಿನದ ಸಂಬಳದೊಂದಿಗೆ.

ಮಾಲೀಕರಲ್ಲಿ ಒಳ್ಳೆಯವರಿದ್ದಾರೆ. ಕೆಲವರು ನಿಮ್ಮಂತೆಯೇ ಗೆಸ್ಟ್‌ಗಳನ್ನು ಹಿಡಿದು ಇಳಿಸಿ ಮೇಲೆ ಬಂದವರು. ಅವರಿಗೆ ಇದೆಲ್ಲ ಗೊತ್ತು, ಕೇಳುವವರಿರಲಿಲ್ಲ. ಸೀಸನ್‌ನ ಮೊದಲ ದೋಣಿ ಹೊರಡುವ ಮೊದಲೇ ಹೋಗಿ ಕೇಳಿ. ಜೊತೆಗೆ ಒಬ್ಬ ವೈದ್ಯರು ಇರಲಿ ಎನಿಸಿದರೆ ನಾನು ಬರುತ್ತೇನೆ.

ನಿಮ್ಮ ಬಗ್ಗೆ ಕಾಳಜಿಯಿರುವ,
ಕರಾವಳಿಯ ಒಬ್ಬ ವೈದ್ಯೆ